ಸಾಕೆಟ್ ವೈರಿಂಗ್ ಸರಿಯಿದೆಯಾ? ಮನೆಯಲ್ಲೇ ಪರೀಕ್ಷೆ ಮಾಡುವ ಬಗೆ

ಫ್ರಿಜ್ ಬಾಗಿಲು ಮುಟ್ಟಿದರೆ ಜುಂ ಅನ್ನುತ್ತದೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಅದರ ಮೈ ಸವರಿದರೆ ಬೆರಳಿಗೆ ಸಣ್ಣಗೆ ಏನೋ ಕಚ್ಚಿದ ಹಾಗಾಗುತ್ತದೆ. ಗೀಸರ್ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆಯ ಕರೆಂಟ್ ಹೋಗುತ್ತದೆ. ಹೀಗಾದಾಗ ನಾವು ಮೊದಲು ಬೈಯುವುದು ಆ ಸಾಮಾನನ್ನೇ. ಸರ್ವಿಸ್‌ನವರು ಬಂದು ನೋಡಿ, "ಇದರಲ್ಲೇನೂ ತೊಂದರೆ ಇಲ್ಲ, ನಿಮ್ಮ ಪಾಯಿಂಟ್ ಚೆಕ್ ಮಾಡಿಸಿ" ಎಂದು ಹೇಳಿ ಹೋಗುತ್ತಾರೆ. ಎಷ್ಟೋ ಸಲ ಅವರು ಹೇಳುವುದು ನಿಜವೇ ಆಗಿರುತ್ತದೆ.

ತಪ್ಪಾಗಿ ವೈರಿಂಗ್ ಮಾಡಿದ ಸಾಕೆಟ್‌ನ ದೊಡ್ಡ ತಾಪತ್ರಯ ಏನೆಂದರೆ, ಅದು ಕೆಲಸ ಮಾಡುತ್ತಲೇ ಇರುತ್ತದೆ. ಫೇಸ್ (ಕರೆಂಟ್ ತರುವ ವೈರ್), ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಅದಲುಬದಲಾಗಿದ್ದರೂ ಮಿಕ್ಸಿ ತಿರುಗುತ್ತದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಇಲ್ಲದಿದ್ದರೂ ಟಿವಿ ಓಡುತ್ತದೆ. ಕರೆಂಟ್ ಬಂತು ಅಂದರೆ ಎಲ್ಲ ಸರಿಯಿದೆ ಅಂದುಕೊಂಡು ಹತ್ತು ವರ್ಷ ಕಳೆದವರಿದ್ದಾರೆ. ಅಳೆದು ನೋಡದ ಹೊರತು ಇದು ಗೊತ್ತಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸವನ್ನು ಎಚ್ಚರಿಕೆ ಇರುವ ಯಾರಾದರೂ ಮಾಡಬಹುದು. ಸರಿಪಡಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ವೈರ್‌ಮನ್‌ಗೆ ಬಿಡುವುದೇ ಒಳ್ಳೆಯದು. ಯಾವುದು ನಮ್ಮದು, ಯಾವುದು ಅವರದು ಎಂಬುದನ್ನು ಮುಂದೆ ಹೇಳುತ್ತೇನೆ.

## ಸರಿಯಾದ ಸಾಕೆಟ್ ಅಂದರೆ ಹೇಗಿರಬೇಕು

ನಮ್ಮ ದೇಶದ ಮೂರು ಪಿನ್ ಸಾಕೆಟ್‌ಗಳಿಗೆ ಐಎಸ್ 1293 ಎಂಬ ಮಾನಕ ಇದೆ. ಮನೆಗಳಲ್ಲಿ ಎರಡು ಅಳತೆ ಕಾಣುತ್ತವೆ. ಟಿವಿ, ಮಿಕ್ಸಿ, ಚಾರ್ಜರ್‌ನಂಥವಕ್ಕೆ 6 ಆಂಪ್. ಗೀಸರ್, ಎಸಿ, ವಾಷಿಂಗ್ ಮೆಷಿನ್‌ನಂಥವಕ್ಕೆ 16 ಆಂಪ್. ಹಳಬರು ಇವನ್ನೇ 5 ಆಂಪ್, 15 ಆಂಪ್ ಅನ್ನುತ್ತಾರೆ. ದೊಡ್ಡದನ್ನು ಪವರ್ ಪ್ಲಗ್ ಅಂತಲೂ ಕರೆಯುತ್ತಾರೆ.

ಸಾಕೆಟ್‌ಗೆ ಮುಖ ಮಾಡಿ ನಿಂತು ನೋಡಿ. ಮೇಲಿನ ದಪ್ಪ ತೂತು ಅರ್ಥಿಂಗ್. ಕೆಳಗೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸಾಕೆಟ್ ಹಿಂಬದಿಯಲ್ಲಿ ಎಲ್, ಎನ್, ಇ ಎಂಬ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಎಲ್ ಅಂದರೆ ಫೇಸ್, ಎನ್ ಅಂದರೆ ನ್ಯೂಟ್ರಲ್, ಇ ಅಂದರೆ ಅರ್ಥಿಂಗ್. ಕೆಲವರು ಸಾಕೆಟ್ಟನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ. ಆಗ ಎಡ ಬಲವೂ ತಿರುಗುತ್ತದೆ, ಮರೆಯಬೇಡಿ.

ಅರ್ಥ್ ಪಿನ್ ಮಿಕ್ಕ ಎರಡಕ್ಕಿಂತ ದಪ್ಪ ಮತ್ತು ಉದ್ದ ಇರುವುದು ಸುಮ್ನೆ ಅಲ್ಲ. ಉದ್ದ ಇರುವುದರಿಂದ ಪ್ಲಗ್ ಹಾಕುವಾಗ ಅದೇ ಮೊದಲು ತಾಗುತ್ತದೆ, ಕೀಳುವಾಗ ಅದೇ ಕೊನೆಗೆ ಬಿಡುತ್ತದೆ. ದಪ್ಪ ಇರುವುದರಿಂದ ಬೇರೆ ತೂತಿಗೆ ಹೋಗುವುದಿಲ್ಲ.

ಬೋರ್ಡ್ ಒಳಗೆ ಇರಬೇಕಾದ ಜೋಡಣೆಯೂ ಸರಳ. ಫೇಸ್ ವೈರ್ ಮೊದಲು ಸ್ವಿಚ್‌ಗೆ ಬರುತ್ತದೆ, ಸ್ವಿಚ್‌ನಿಂದ ಸಾಕೆಟ್‌ನ ಬಲ ತೂತಿಗೆ ಹೋಗುತ್ತದೆ. ನ್ಯೂಟ್ರಲ್ ಮತ್ತು ಅರ್ಥಿಂಗ್ ವೈರ್‌ಗಳು ಯಾವ ಸ್ವಿಚ್ಚನ್ನೂ ಮುಟ್ಟದೆ ನೇರವಾಗಿ ಸಾಕೆಟ್‌ಗೆ ಬರುತ್ತವೆ. ಅಂದರೆ ಸ್ವಿಚ್ ಆಫ್ ಮಾಡಿದಾಗ ಕಡಿಯಬೇಕಾದ್ದು ಫೇಸ್.

ಬಣ್ಣದ ವಿಷಯ ಸ್ವಲ್ಪ ಗೋಜಲು. ಮನೆ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಈ ಮೂರೂ ಫೇಸ್ ಆಗಿರಬಹುದು. ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಆದರೆ ಸಾಮಾನುಗಳ ಜೊತೆ ಬರುವ ಕೇಬಲ್‌ನಲ್ಲಿ ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ಥಿಂಗ್. ಅಂದರೆ ಗೋಡೆಯೊಳಗಿನ ನೀಲಿ ಫೇಸ್ ಆಗಿರಬಹುದು, ಇಸ್ತ್ರಿ ಪೆಟ್ಟಿಗೆಯ ನೀಲಿ ನ್ಯೂಟ್ರಲ್. ಇದರ ಮೇಲೆ, ಕೆಲಸದ ದಿನ ಕೈಯಲ್ಲಿ ಯಾವ ಸುರುಳಿ ಇತ್ತೋ ಅದನ್ನೇ ಎಳೆದುಬಿಟ್ಟ ಮನೆಗಳೂ ಬೇಕಾದಷ್ಟಿವೆ. ಬಣ್ಣ ನೋಡಿ ನಂಬಬೇಡಿ, ಅಳೆದು ನಂಬಿ.

## ಏನೇನು ಬೇಕು

ಒಂದು ಟೆಸ್ಟರ್, ಅಂದರೆ ಹಿಡಿಕೆಯಲ್ಲಿ ಸಣ್ಣ ನಿಯಾನ್ ದೀಪ ಇರುವ ಸ್ಕ್ರೂಡ್ರೈವರ್. ಒಂದು ಡಿಜಿಟಲ್ ಮಲ್ಟಿಮೀಟರ್. ಮನೆಯಲ್ಲಿ ಓಡಾಡಿಸಲು ದುಬಾರಿಯದು ಬೇಡ, ಆದರೆ ಅದರ ಎರಡು ಪ್ರೋಬ್‌ಗಳ ಪ್ಲಾಸ್ಟಿಕ್ ಹೊದಿಕೆ ಎಲ್ಲೂ ಸೀಳಿರಬಾರದು. ಜೊತೆಗೆ ಒಂದು ಮೂರು ಪಿನ್ ಎಕ್ಸ್‌ಟೆನ್ಶನ್ ಬಾಕ್ಸ್. ಕಾಗದ, ಪೆನ್ನು.

ಮೂರು ದೀಪದ ಸಾಕೆಟ್ ಟೆಸ್ಟರ್ ಪ್ಲಗ್ ಕೂಡ ಸಿಗುತ್ತದೆ. ಸಾಕೆಟ್‌ಗೆ ಚುಚ್ಚಿದರೆ ದೀಪ ಹತ್ತುವ ರೀತಿ ನೋಡಿ ತಪ್ಪು ಏನೆಂದು ಹೇಳಬಹುದು. ಬೇಗ ಕೆಲಸ ಆಗುತ್ತದೆ ನಿಜ, ಆದರೆ ಅದಕ್ಕೆ ಕಾಣದ ತಪ್ಪುಗಳೂ ಇವೆ. ಅವುಗಳಲ್ಲಿ ಒಂದಂತೂ ಪ್ರಾಣಕ್ಕೇ ಅಪಾಯ. ಅದನ್ನು ಕೆಳಗೆ ಹೇಳಿದ್ದೇನೆ.

ಎಕ್ಸ್‌ಟೆನ್ಶನ್ ಬಾಕ್ಸ್ ಯಾಕೆ ಅಂದರೆ, ಈಗಿನ ಸಾಕೆಟ್‌ಗಳಲ್ಲಿ ಒಳಗೆ ಷಟರ್ ಇರುತ್ತದೆ. ಅರ್ಥ್ ಪಿನ್ ಒಳಗೆ ಹೋದಾಗ ಮಾತ್ರ ಕೆಳಗಿನ ತೂತುಗಳು ತೆರೆಯುತ್ತವೆ. ಮಕ್ಕಳು ಮೊಳೆ, ಪಿನ್ನು ತೂರಿಸದಿರಲಿ ಎಂದು ಮಾಡಿದ ವ್ಯವಸ್ಥೆ. ಅದನ್ನು ಟೆಸ್ಟರ್‌ನಿಂದ ಮೀಟಿ ತೆರೆಯಲು ಹೋಗಬೇಡಿ. ಷಟರ್ ಇಲ್ಲದ ಎಕ್ಸ್‌ಟೆನ್ಶನ್ ಬಾಕ್ಸನ್ನು ಆ ಸಾಕೆಟ್‌ಗೆ ಹಾಕಿ, ಬಾಕ್ಸ್‌ನ ತೂತುಗಳಲ್ಲಿ ಅಳೆಯಿರಿ. ಕೈಗೂ ಅನುಕೂಲ, ಗೋಡೆಯ ಮೂಲೆಯಲ್ಲಿ ಬಗ್ಗಿ ಕೂರಬೇಕಿಲ್ಲ.

ಆದರೆ ಆ ಬಾಕ್ಸೇ ತಪ್ಪಾಗಿದ್ದರೆ? ಅಂಗಡಿಯಲ್ಲಿ ಜೋಡಿಸಿಕೊಟ್ಟ, ಮನೆಯಲ್ಲಿ ಮಾಡಿಕೊಂಡ ಬಾಕ್ಸ್‌ಗಳಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿರುವುದು ಬಹಳ ಮಾಮೂಲು. ಹಾಗಾಗಿ ಮೊದಲು ಬಾಕ್ಸನ್ನೇ ಪರೀಕ್ಷಿಸಿ. ಪ್ಲಗ್ ಕಿತ್ತಿಟ್ಟು, ಬಾಕ್ಸ್‌ನ ಸ್ವಿಚ್ ಆನ್ ಮಾಡಿ, ಮೀಟರನ್ನು ಬೀಪ್ ಶಬ್ದ ಬರುವ ಕಂಟಿನ್ಯೂಟಿಗೆ ತಿರುಗಿಸಿ. ಪ್ಲಗ್‌ನ ಪಿನ್‌ಗಳನ್ನು ನಿಮ್ಮ ಕಡೆಗೆ ಹಿಡಿದು ನೋಡಿದರೆ ಎಡ-ಬಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತದೆ. ಅದಕ್ಕೇ ಪ್ಲಗ್ಗನ್ನು ಗೋಡೆಗೆ ಹಾಕುವ ಭಂಗಿಯಲ್ಲೇ, ದಪ್ಪ ಪಿನ್ ಮೇಲೆ ಬರುವಂತೆ ಹಿಡಿದುಕೊಳ್ಳಿ. ಪ್ಲಗ್‌ನ ಬಲ ಪಿನ್ನಿಗೂ ಬಾಕ್ಸ್‌ನ ಬಲ ತೂತಿಗೂ ಬೀಪ್ ಬರಬೇಕು. ಎಡಕ್ಕೆ ಎಡ, ಮೇಲಿಗೆ ಮೇಲು. ಅಡ್ಡಕ್ಕೆ ಎಲ್ಲೂ ಬೀಪ್ ಬರಬಾರದು.

## ಹಂತ 1: ಟೆಸ್ಟರ್, ಅದೂ ಎರಡು ಸಲ

ಕೈಕಾಲು ಒಣಗಿರಲಿ. ಮೊದಲು ಸರಿಯಿದೆ ಎಂದು ಗೊತ್ತಿರುವ ಒಂದು ಪಾಯಿಂಟ್‌ನಲ್ಲಿ ಟೆಸ್ಟರ್ ಹತ್ತುತ್ತದೆಯೇ ನೋಡಿ. ಹಿಡಿಕೆಯ ತುದಿಯ ಲೋಹಕ್ಕೆ ಬೆರಳು ತಾಗಿರಬೇಕು, ಮುಂದಿನ ಕಂಬಿಗೆ ತಾಗಬಾರದು.

ಸಾಕೆಟ್‌ನ ಸ್ವಿಚ್ ಆನ್ ಮಾಡಿ. ಬಲ ತೂತಿನಲ್ಲಿ ಚೆನ್ನಾಗಿ ಹತ್ತಬೇಕು, ಎಡ ತೂತಿನಲ್ಲಿ ಹತ್ತಬಾರದು, ಮೇಲಿನದರಲ್ಲಿ ಖಂಡಿತ ಹತ್ತಬಾರದು. ಮೇಲಿನ ತೂತಿನಲ್ಲಿ ಜೋರಾಗಿ ಹತ್ತಿತು ಅಂದರೆ ಅಲ್ಲಿಗೇ ನಿಲ್ಲಿಸಿ, ಮೇನ್ ಆಫ್ ಮಾಡಿ. ಅರ್ಥಿಂಗ್ ಜಾಗಕ್ಕೆ ಫೇಸ್ ಬಂದಿದೆ ಎಂದರ್ಥ. ಆ ಸಾಕೆಟ್‌ಗೆ ಹಾಕಿದ ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲದರ ಮೈಯಲ್ಲೂ ನೇರ ಕರೆಂಟ್ ಇರುತ್ತದೆ.

ಈಗ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ. ಸ್ವಿಚ್ ಆಫ್ ಮಾಡಿ ಮತ್ತೆ ಮೂರೂ ತೂತು ನೋಡಿ. ಎಲ್ಲೂ ಹತ್ತಬಾರದು. ಆಫ್ ಇದ್ದಾಗಲೂ ಒಂದು ತೂತಿನಲ್ಲಿ ಜೋರಾಗಿ ಹತ್ತಿದರೆ, ಸ್ವಿಚ್ಚು ನ್ಯೂಟ್ರಲ್ ಮೇಲೆ ಕೂತಿದೆ, ಫೇಸ್ ನೇರ ಸಾಕೆಟ್‌ಗೆ ಬಂದಿದೆ. ಇದು ಫೇಸ್-ನ್ಯೂಟ್ರಲ್ ಬರೀ ಸಾಕೆಟ್‌ನಲ್ಲಿ ಅದಲುಬದಲಾಗುವುದಕ್ಕಿಂತ ಕೆಟ್ಟದ್ದು. ಸ್ವಿಚ್ ಆಫ್ ಮಾಡಿದರೆ ಮಿಕ್ಸಿ ನಿಲ್ಲುತ್ತದೆ, ನೀವು ನೆಮ್ಮದಿಯಾಗಿ ಒಳಗೆ ಕೈ ಹಾಕುತ್ತೀರಿ, ಆದರೆ ಒಳಗೆ 230 ವೋಲ್ಟ್ ಹಾಗೇ ಕೂತಿರುತ್ತದೆ.

ತೀರಾ ಮಂಕಾಗಿ ಮಿಣುಕಿದರೆ ಗಾಬರಿ ಬೇಡ. ಪಕ್ಕದ ವೈರ್‌ನ ಪ್ರಭಾವದಿಂದಲೋ, ಸ್ವಿಚ್‌ನ ಇಂಡಿಕೇಟರ್ ದೀಪದಿಂದಲೋ ಹಾಗಾಗಬಹುದು. ಟೆಸ್ಟರ್‌ಗೆ ಇದೇ ಕಷ್ಟ. ಕಾಲಿಗೆ ದಪ್ಪ ರಬ್ಬರ್ ಚಪ್ಪಲಿ ಇದ್ದರೆ ಜೋರಾಗಿರುವ ಫೇಸ್ ಕೂಡ ಮಂಕಾಗಿ ಕಾಣುತ್ತದೆ. ಅದಕ್ಕೇ ಟೆಸ್ಟರ್ ಹತ್ತಲಿಲ್ಲ ಎಂಬ ಧೈರ್ಯದ ಮೇಲೆ ಯಾವ ವೈರನ್ನೂ ಮುಟ್ಟಬಾರದು.

## ಹಂತ 2: ಮೀಟರ್‌ನಲ್ಲಿ ಮೂರು ಅಳತೆ

ಕಪ್ಪು ಪ್ರೋಬ್ ಕಾಮ್ ಎಂದು ಬರೆದ ಜಾಗಕ್ಕೆ, ಕೆಂಪು ಪ್ರೋಬ್ ವೋಲ್ಟ್ ಜಾಗಕ್ಕೆ. 10 ಆಂಪ್ ಎಂದು ಬರೆದಿರುವ ತೂತಿಗೆ ಕೆಂಪು ಪ್ರೋಬ್ ಸಿಕ್ಕಿಸಿ ಸಾಕೆಟ್‌ಗೆ ಇಟ್ಟರೆ ನೇರ ಶಾರ್ಟ್ ಆಗುತ್ತದೆ, ಕೈಯಲ್ಲೇ ಸಿಡಿಯುತ್ತದೆ. ಡಯಲ್ಲನ್ನು ಎಸಿ ವೋಲ್ಟ್‌ನ 600 ಅಥವಾ 750ಕ್ಕೆ ತಿರುಗಿಸಿ. ಪ್ರತಿ ಸಲ ಪ್ರೋಬ್ ಇಡುವ ಮುಂಚೆ ಈ ಎರಡನ್ನೂ ಇನ್ನೊಮ್ಮೆ ನೋಡಿಕೊಳ್ಳಿ.

ಬಲ-ಎಡ, ಬಲ-ಮೇಲು, ಎಡ-ಮೇಲು. ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆಯಿರಿ. ಎಲ್ಲ ಸರಿಯಿದ್ದರೆ ಬಲ-ಎಡ ಸುಮಾರು 230 ಬರುತ್ತದೆ, ಬಲ-ಮೇಲು ಹೆಚ್ಚುಕಡಿಮೆ ಅಷ್ಟೇ, ಎಡ-ಮೇಲು ಸೊನ್ನೆಯಿಂದ ಎರಡು ಮೂರು ವೋಲ್ಟ್. ನಮ್ಮ ಲೈನ್‌ನಲ್ಲಿ 220 ರಿಂದ 240ರವರೆಗೆ ಓಡಾಡುವುದು ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬೇರೆ ಥರ ಬಂದರೆ ಹೀಗೆ ಓದಿ:

- ಬಲ-ಎಡ 230, ಬಲ-ಮೇಲು ಸೊನ್ನೆಯ ಹತ್ತಿರ, ಎಡ-ಮೇಲು 230: ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು.
- ಬಲ-ಎಡ 230, ಮೇಲಿನದರ ಜೊತೆ ಅಳೆದಾಗ ಎರಡೂ ಕಡೆ 60, 90, 115 ಅಂತ ಅರ್ಥವಿಲ್ಲದ, ಓಡಾಡುವ ಸಂಖ್ಯೆ: ಅರ್ಥಿಂಗ್ ಕಡಿದಿದೆ ಅಥವಾ ಇಲ್ಲವೇ ಇಲ್ಲ.
- ಬಲ-ಮೇಲು 230, ಆದರೆ ಬಲ-ಎಡ ಏನೂ ಇಲ್ಲ ಅಥವಾ ಅಲೆದಾಡುವ ಸಂಖ್ಯೆ: ನ್ಯೂಟ್ರಲ್ ಕಡಿದಿದೆ. ಇಂಥ ಕಡೆ ಯಾವುದಾದರೂ ಸಾಮಾನು ಹಾಕಿ ಆನ್ ಮಾಡಿದರೆ ಅದು ಓಡುವುದಿಲ್ಲ, ಆದರೆ ಟೆಸ್ಟರ್ ಎಡ ತೂತಿನಲ್ಲೂ ಹತ್ತುತ್ತದೆ. ಫೇಸ್ ಆ ಸಾಮಾನಿನ ಮೂಲಕ ಹಾದು ಎಡಕ್ಕೂ ಬಂದಿರುತ್ತದೆ. "ಎರಡೂ ಕಡೆ ಫೇಸ್ ಬರ್ತಿದೆ" ಎಂದು ಜನ ಹೇಳುವುದು ಇದನ್ನೇ.
- ಮೂರೂ ಸೊನ್ನೆ: ಫೇಸೇ ಬರುತ್ತಿಲ್ಲ. ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ, ಮೇನ್ ಬೋರ್ಡಿನ ಸ್ವಿಚ್), ಸ್ವಿಚ್, ಅಥವಾ ಹಿಂದಿನ ಬೋರ್ಡ್‌ನ ಜೋಡಣೆ ನೋಡಬೇಕು.

ಅಳೆದದ್ದಾಯಿತು ಅಂತ ಮೀಟರ್ ಎತ್ತಿಡಬೇಡಿ. ಅದೇ ಲೈನ್‌ನ (ಅಂದರೆ ಅದೇ ಎಂಸಿಬಿಯಿಂದ ಕರೆಂಟ್ ಬರುವ) ಇನ್ನೊಂದು ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ಬಿಸಿಯಾಗಲು ಬಿಟ್ಟು, ಮತ್ತೆ ಬಲ-ಎಡ ಅಳೆಯಿರಿ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ನಾಲ್ಕೂ ಚಿಲ್ಲರೆ ಆಂಪ್ ಎಳೆಯುತ್ತದೆ. ಎರಡು ಮೂರು ವೋಲ್ಟ್ ಇಳಿದರೆ ಪರವಾಗಿಲ್ಲ. ಹತ್ತು ಹದಿನೈದು ಇಳಿದರೆ ದಾರಿಯಲ್ಲಿ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ, ಆ ಜಾಗ ಬಿಸಿಯಾಗುತ್ತಿದೆ.

## ಜುಂ ಅನ್ನುವುದು ಯಾಕೆ

ಅರ್ಥಿಂಗ್ ಇಲ್ಲದ ಸಾಕೆಟ್ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಹಳೆಯ ಬಾಡಿಗೆ ಮನೆಗಳಲ್ಲಿ ಅಡುಗೆಮನೆ, ಬಚ್ಚಲಿಗೆ ಮಾತ್ರ ಹಸಿರು ವೈರ್ ಎಳೆದು ಮಿಕ್ಕ ರೂಮ್‌ಗಳಿಗೆ ಬಿಟ್ಟಿರುತ್ತಾರೆ. ಆಗ ಅಲ್ಲಿ ಟಿವಿ ಮತ್ತು ಟೇಬಲ್ ಫ್ಯಾನ್ ಬಿಟ್ಟರೆ ಏನಿರುತ್ತಿತ್ತು? ಈಗ ಅದೇ ರೂಮ್‌ನಲ್ಲಿ ಕಂಪ್ಯೂಟರ್ ಇದೆ, ಲೋಹದ ಮೈಯ ಲ್ಯಾಪ್‌ಟಾಪ್ ಇದೆ.

ಕಂಪ್ಯೂಟರ್‌ನಂಥ ಸಾಮಾನುಗಳ ಪವರ್ ಸಪ್ಲೈನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಜೋಡಿಸಿರುತ್ತಾರೆ. ಕರೆಂಟ್‌ನ ಗದ್ದಲ ಸೋಸಿ ಅರ್ಥಿಂಗ್‌ಗೆ ಕಳಿಸುವುದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಎರಡರ ನಡುವೆ ಸಿಕ್ಕಿಕೊಂಡ ಮೈಗೆ ಲೈನ್ ವೋಲ್ಟೇಜ್‌ನ ಅರ್ಧ, ಅಂದರೆ 115 ವೋಲ್ಟ್ ಸುಮಾರಿಗೆ ಬರುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಂ ಅಷ್ಟೇ. ಆದರೆ ಅದೇ ಸಾಕೆಟ್‌ಗೆ ನಾಳೆ ಹೀಟರ್ ಕಾಯಿಲ್ ಒಡೆದ ಗೀಸರ್ ಹಾಕಿದರೆ ಬರುವುದು ಜುಂ ಅಲ್ಲ.

ಕೆಲವರು ಫೇಸ್ ಮತ್ತು ಅರ್ಥಿಂಗ್ ನಡುವೆ ಬಲ್ಬ್ ಹೋಲ್ಡರ್ ಸಿಕ್ಕಿಸಿ, ಬಲ್ಬ್ ಹತ್ತಿದರೆ ಅರ್ಥಿಂಗ್ ಸರಿಯಿದೆ ಅನ್ನುತ್ತಾರೆ. ವೈರ್‌ಮನ್‌ಗಳು ಮಾಡುವ ಪರೀಕ್ಷೆಯೇ ಇದು. ಮನೆಯವರು ಮಾಡಬಾರದು. ಅರ್ಥಿಂಗ್ ಎಲ್ಲೋ ಮಧ್ಯೆ ಕಡಿದಿದ್ದರೆ, ಬಲ್ಬ್ ಇಟ್ಟ ಆ ಗಳಿಗೆಯಲ್ಲಿ ಅದೇ ಹಸಿರು ವೈರ್‌ಗೆ ಸೇರಿದ ಎಲ್ಲ ಸಾಮಾನುಗಳ ಮೈಗೂ ಬಲ್ಬ್ ಮೂಲಕ ಫೇಸ್ ಹೋಗುತ್ತದೆ. ನೀವು ಹಾಲ್‌ನಲ್ಲಿ ಬಲ್ಬ್ ನೋಡುತ್ತಿರುವಾಗ ಅಡುಗೆಮನೆಯಲ್ಲಿ ಯಾರೋ ಫ್ರಿಜ್ ಬಾಗಿಲು ತೆಗೆಯುತ್ತಿರಬಹುದು.

## ಮೀಟರ್‌ಗೂ ಕಾಣದ ಕಳ್ಳ ಅರ್ಥಿಂಗ್

ಪರಿಚಯದವರ ಮನೆಯಲ್ಲಿ ಒಂದು ಬೋರ್ಡ್ ಬಿಚ್ಚಿದಾಗ ಕಂಡದ್ದು: ಸಾಕೆಟ್ ಹಿಂದೆ ಎನ್ ಮತ್ತು ಇ ಎರಡು ಸ್ಕ್ರೂಗಳ ನಡುವೆ ಕಿರುಬೆರಳಿನಷ್ಟು ಉದ್ದದ ಹಸಿರು ವೈರ್ ತುಂಡು, ನೀಟಾಗಿ ಬಗ್ಗಿಸಿ ಕೂರಿಸಿದ್ದರು. ಗೋಡೆಯಿಂದ ಬಂದ ಅರ್ಥಿಂಗ್ ವೈರ್ ಅಲ್ಲಿ ಇರಲೇ ಇಲ್ಲ. "ಎಸಿ ಕಂಪನಿಯವರು ಅರ್ಥಿಂಗ್ ಬೇಕು ಅಂದರು, ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಕೊಟ್ಟು ಹೋದ" ಎಂದರು ಮನೆಯವರು.

ನ್ಯೂಟ್ರಲನ್ನೇ ಅರ್ಥಿಂಗ್ ಎಂದು ತೋರಿಸುವ ಈ ಉಪಾಯದಲ್ಲಿ ಮೀಟರ್ 230, 230, 0 ತೋರಿಸುತ್ತದೆ. ಮೂರು ದೀಪದ ಟೆಸ್ಟರ್ ಕೂಡ ಸರಿ ಅನ್ನುತ್ತದೆ. ಆದರೆ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ, ಆನ್ ಇರುವ ಸಾಮಾನಿನ ಮೂಲಕ ಫೇಸ್ ಎಡ ಪಿನ್ನಿಗೆ ಬಂದು, ಆ ತುಂಡು ವೈರ್ ಮೂಲಕ ಅದೇ ಸಾಮಾನಿನ ಮೈಗೆ ಬರುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇದ್ದರೂ ಮೈಗೆ ತಾಗಿದ ಸೋರಿಕೆಯನ್ನು ಅದು ಹಿಡಿಯುವುದಿಲ್ಲ, ಯಾಕೆಂದರೆ ಸೋರಿದ ಕರೆಂಟ್ ನ್ಯೂಟ್ರಲ್ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆರ್‌ಸಿಸಿಬಿ ಲೆಕ್ಕದಲ್ಲಿ ಎಲ್ಲ ಸರಿ. ಇದರ ಜೊತೆ ಫೇಸ್-ನ್ಯೂಟ್ರಲ್ಲೂ ಅದಲುಬದಲಾಗಿದ್ದರೆ ಮೈಗೆ ಸದಾ ಫೇಸ್, ಆಗಲೂ ಮೂರು ದೀಪದ ಟೆಸ್ಟರ್ ಸರಿ ಅಂತಲೇ ಹೇಳುತ್ತದೆ. ನಿಯಾನ್ ಟೆಸ್ಟರ್ ಮಾತ್ರ ಮೇಲಿನ ತೂತಿನಲ್ಲಿ ಹತ್ತಿ ಗುಟ್ಟು ರಟ್ಟು ಮಾಡುತ್ತದೆ. ಅಗ್ಗದ ಟೆಸ್ಟರನ್ನು ನಾನು ಪೂರ್ತಿ ಬಿಡದಿರುವುದು ಈ ಕಾರಣಕ್ಕೆ.

ಹಿಡಿಯುವುದು ಹೇಗೆ? ಆ ಸಾಕೆಟ್‌ನಲ್ಲಿ ಭಾರದ ಸಾಮಾನು ಓಡುತ್ತಿರುವಾಗಲೂ ಎಡ-ಮೇಲು ಅಳತೆ ಕಡ್ಡಿ ಮುರಿದಂತೆ 0.0 ಇದ್ದರೆ ಅನುಮಾನ ಪಡಿ. ನಿಜವಾದ ಅರ್ಥಿಂಗ್ ಇದ್ದರೆ ಲೋಡ್ ಬಿದ್ದಾಗ ಸ್ವಲ್ಪವಾದರೂ ಏರಬೇಕು. ಆಮೇಲೆ ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿ ಕಣ್ಣಾರೆ ನೋಡುವುದೇ ದಾರಿ.

ನಲ್ಲಿ ಪೈಪ್‌ಗೆ ಅರ್ಥಿಂಗ್ ವೈರ್ ಸುತ್ತುವುದು ಇನ್ನೊಂದು ಹಳೆಯ ಪದ್ಧತಿ. ಈಗ ಪೈಪ್‌ಗಳು ಪ್ಲಾಸ್ಟಿಕ್. ಅರ್ಥಿಂಗ್ ಆಗುವುದಿಲ್ಲ, ನಲ್ಲಿಗೆ ಕರೆಂಟ್ ಬರುವ ದಾರಿ ಮಾತ್ರ ಆಗುತ್ತದೆ.

## ಆರ್‌ಸಿಸಿಬಿ ಬೀಳುತ್ತಿದ್ದರೆ

ಎಂಸಿಬಿ ಮತ್ತು ಆರ್‌ಸಿಸಿಬಿ ಒಂದೇ ಅಲ್ಲ. 16 ಆಂಪ್ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನನ್ನು ಕೊಲ್ಲಲು ಅದರ ನೂರರಲ್ಲಿ ಒಂದು ಪಾಲೂ ಬೇಡ. ಹಾಗಾಗಿ ಶಾಕ್ ಹೊಡೆದಾಗ ಎಂಸಿಬಿ ಉಳಿಸುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ತಾಳೆ ನೋಡುತ್ತದೆ. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಬೀಳುತ್ತದೆ.

ಹೊಸದಾಗಿ ಆರ್‌ಸಿಸಿಬಿ ಹಾಕಿಸಿದ ಮೇಲೆ ಪದೇಪದೇ ಬೀಳುತ್ತದೆ ಎಂದು ಕಿತ್ತು ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಹೇಳುತ್ತಿರುವುದು ನಿಜ. ಯಾವುದೋ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ಅದಲುಬದಲಾಗಿರಬಹುದು. ಈ ತಪ್ಪೂ ಮೀಟರ್‌ನಲ್ಲಿ ಸರಿಯಾದ ಸಾಕೆಟ್‌ನಂತೆಯೇ ಕಾಣುತ್ತದೆ, ಸಾಮಾನು ಹಾಕಿ ಆನ್ ಮಾಡಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಯುಪಿಎಸ್ ಹಾಕಿಸಿದ ದಿನದಿಂದ ಬೀಳಲು ಶುರುವಾಗಿದ್ದರೆ, ಯುಪಿಎಸ್ ಲೈನ್‌ನ ನ್ಯೂಟ್ರಲ್ ಬೇರೆ ಲೈನ್‌ನ ನ್ಯೂಟ್ರಲ್ ಜೊತೆ ಬೆರೆತಿರುವ ಸಾಧ್ಯತೆಯೇ ಹೆಚ್ಚು.

ಹುಡುಕುವಾಗ ಮನೆಯ ಎಲ್ಲ ಪ್ಲಗ್‌ಗಳನ್ನೂ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಲೈನ್‌ನಲ್ಲಿ ದೋಷ. ಏನೂ ಬೀಳದಿದ್ದರೆ ಸಾಮಾನುಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಒಂದು ತೊಡಕಿದೆ: ಮನೆಗಳಲ್ಲಿರುವ ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲನ್ನಲ್ಲ. ಒಂದು ಲೈನ್‌ನ ನ್ಯೂಟ್ರಲ್ ಅರ್ಥಿಂಗ್‌ಗೆ ತಾಗುತ್ತಿದ್ದರೆ, ಆ ಲೈನ್‌ನ ಎಂಸಿಬಿ ಇಳಿಸಿದ್ದರೂ ಬೇರೆ ಲೈನ್‌ನಲ್ಲಿ ಲೋಡ್ ಹಾಕಿದಾಗ ಆರ್‌ಸಿಸಿಬಿ ಬೀಳುತ್ತದೆ. ಹೀಗೆ ಎಲ್ಲಿಂದ ಬೀಳುತ್ತಿದೆ ಎಂದೇ ತಿಳಿಯದಿದ್ದರೆ ವೈರ್‌ಮನ್ ಕರೆಯಿರಿ, ನ್ಯೂಟ್ರಲ್‌ಗಳನ್ನು ಬಿಡಿಸಿ ಒಂದೊಂದೇ ನೋಡಬೇಕಾಗುತ್ತದೆ.

ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಅದು ಬಿದ್ದರೆ ಆರ್‌ಸಿಸಿಬಿ ಜೀವಂತ ಇದೆ ಎಂದಷ್ಟೇ. ಅರ್ಥಿಂಗ್ ಸರಿಯಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

## ನೀವೇ ಸರಿಪಡಿಸಬಹುದಾದ್ದು

ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿರುವುದು, ಸ್ಕ್ರೂ ಸಡಿಲ ಆಗಿರುವುದು, ಸಾಕೆಟ್ ಸುಟ್ಟಿರುವುದು. ಇಷ್ಟೇ. ಇದಕ್ಕೂ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇದ್ದರೆ ಮಾತ್ರ ಕೈ ಹಾಕಿ.

ಮೊದಲು ಮೇನ್ ಆಫ್. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದ ಕೂಡಲೇ ಅದು ಕರೆಂಟ್ ಹೋಯಿತು ಅಂದುಕೊಂಡು ತನ್ನ ಲೈನ್‌ಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಬ್ಯಾಟರಿ ಇರುವ ಸೋಲಾರ್‌ಗೂ ಇದೇ ಮಾತು. ಮನೆಯಲ್ಲಿ ಎಲ್ಲರಿಗೂ ಹೇಳಿ, ಮೇನ್ ಮೇಲೆ ಒಂದು ಚೀಟಿ ಅಂಟಿಸಿ.

ಪ್ಲೇಟ್ ತೆಗೆಯಿರಿ. ಮಾಡ್ಯುಲರ್ ಬೋರ್ಡ್ ಆದರೆ ಮುಂದಿನ ಪ್ಲೇಟನ್ನು ಅಂಚಿನಲ್ಲಿ ಮೆಲ್ಲಗೆ ಮೀಟಿದರೆ ಬರುತ್ತದೆ, ಒಳಗೆ ಸ್ಕ್ರೂಗಳಿರುತ್ತವೆ. ಬೋರ್ಡ್ ಹೊರಗೆಳೆದ ಮೇಲೆ, ಏನನ್ನೂ ಮುಟ್ಟುವ ಮುಂಚೆ, ಎಲ್ಲ ಸ್ಕ್ರೂಗಳ ಮೇಲೂ ಮೀಟರ್ ಇಟ್ಟು ಸೊನ್ನೆ ಇದೆಯೇ ನೋಡಿ. ಪಕ್ಕದ ಸ್ವಿಚ್‌ಗಳನ್ನೂ ಬಿಡಬೇಡಿ. ಒಂದೇ ಬೋರ್ಡ್‌ಗೆ ಎರಡು ಲೈನ್ ಬಂದಿರುವುದುಂಟು. ಆಮೇಲೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲ ಬಿಚ್ಚಿ ಹರವಿಕೊಂಡ ಮೇಲೆ ಅದೇ ದಿಕ್ಕು.

ಸ್ವಿಚ್‌ನಿಂದ ಬಂದ ವೈರ್ ಎಲ್‌ಗೆ, ನ್ಯೂಟ್ರಲ್ ಎನ್‌ಗೆ, ಹಸಿರು ಇ ಸ್ಕ್ರೂಗೆ. ತುದಿಯ ಹೊದಿಕೆಯನ್ನು ಸುಮಾರು ಒಂದು ಸೆಂಟಿಮೀಟರ್ ಮಾತ್ರ ಸುಲಿಯಿರಿ, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ, ತೆಳು ವೈರ್ ಆದರೆ ಮಡಿಸಿ ಹಾಕಿ. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ತಾಮ್ರ ಹೊರಗೆ ಕಾಣಬಾರದು, ಒಂದೂ ಎಳೆ ಪಕ್ಕದ ಸ್ಕ್ರೂ ಕಡೆ ಚಾಚಿರಬಾರದು. ಒಂದೇ ಸ್ಕ್ರೂನಲ್ಲಿ ಎರಡು ವೈರ್ ಇದ್ದರೆ ಮುಂದಿನ ಬೋರ್ಡ್‌ಗೆ ಅಲ್ಲಿಂದಲೇ ಲೂಪ್ ಹೋಗಿದೆ ಎಂದರ್ಥ. ಎರಡನ್ನೂ ಜೊತೆಗೇ ಕೂರಿಸಿ.

ಸುಟ್ಟ ಸಾಕೆಟ್ಟಿಗೆ ಸ್ಕ್ರೂ ಬಿಗಿ ಮಾಡಿದರೆ ಸಾಲದು. ಒಳಗಿನ ಹಿತ್ತಾಳೆ ಬಿಸಿಗೆ ಬಿಗಿತ ಕಳೆದುಕೊಂಡಿರುತ್ತದೆ. ಸಾಕೆಟ್ ಬದಲಿಸಿ, ಕಪ್ಪಾದ ತಾಮ್ರ ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ. ಜೊತೆಗೆ ಸುಟ್ಟದ್ದು ಯಾಕೆ ಎಂದೂ ನೋಡಿ. 2000 ವ್ಯಾಟ್ ಇಂಡಕ್ಷನ್ ಒಲೆ ಸುಮಾರು 8.7 ಆಂಪ್ ಎಳೆಯುತ್ತದೆ. ಅದನ್ನು ಕನ್ವರ್ಟರ್ ಪಿನ್ ಹಾಕಿ 6 ಆಂಪ್ ಸಾಕೆಟ್‌ನಲ್ಲಿ ಓಡಿಸುತ್ತಿದ್ದರೆ ಹೊಸ ಸಾಕೆಟ್ಟೂ ಸುಡುತ್ತದೆ.

ಮುಗಿದ ಮೇಲೆ ಪ್ಲೇಟ್ ಹಾಕಿ, ಮೇನ್ ಏರಿಸಿ, ಹಂತ 1 ಮತ್ತು 2 ಮೊದಲಿಂದ ಮಾಡಿ. ಸ್ವಿಚ್ ಆಫ್ ಪರೀಕ್ಷೆಯೂ ಸೇರಿ.

## ವೈರ್‌ಮನ್ ಕೆಲಸ, ಲೈನ್‌ಮನ್ ಕೆಲಸ

ಅರ್ಥಿಂಗ್ ವೈರ್ ಇಲ್ಲದಿರುವುದು, ಸ್ವಿಚ್ ನ್ಯೂಟ್ರಲ್ ಮೇಲಿರುವುದು, ಅರ್ಥಿಂಗ್ ತೂತಿನಲ್ಲಿ ಫೇಸ್, ಗೋಡೆಯೊಳಗೆ ಕಡಿದ ನ್ಯೂಟ್ರಲ್, ಮಳೆಗಾಲದಲ್ಲಿ ಒದ್ದೆಯಾದ ಗೋಡೆಯ ಬೋರ್ಡ್, ಅಲ್ಯೂಮಿನಿಯಂ ವೈರ್ ಇರುವ ಹಳೆಯ ಮನೆ. ಇವು ಪರ್ಮಿಟ್ ಇರುವ ವೈರ್‌ಮನ್ ಕೆಲಸ. ಕರ್ನಾಟಕದಲ್ಲಿ ಈ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೇಳಿ ನೋಡುವುದರಲ್ಲಿ ಸಂಕೋಚ ಏನಿಲ್ಲ.

ಇನ್ನೊಂದು ಲಕ್ಷಣ ಬೇರೆಯೇ. ಮೂರು ಫೇಸ್ ಇರುವ ಮನೆಯಲ್ಲಿ ಕೆಲವು ದೀಪ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿ, ಕೆಲವು ಮಂಕಾದರೆ ಮೇನ್ ನ್ಯೂಟ್ರಲ್ ಹೋಗಿದೆ. ಆಗ ಕೆಲವು ಸಾಕೆಟ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಬರಬಹುದು. ಅಳೆಯುತ್ತ ಕೂರಬೇಡಿ, ಓಡಿ ಹೋಗಿ ಮೇನ್ ಇಳಿಸಿ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮನೆಯ ಕರೆಂಟ್ ಮೀಟರ್ ಮತ್ತು ಅದರ ಸೀಲ್ ವಿದ್ಯುತ್ ಕಂಪನಿಯದ್ದು, ಅದಕ್ಕೆ ನೀವೂ ಕೈ ಹಾಕಬಾರದು, ನಿಮ್ಮ ವೈರ್‌ಮನ್ನೂ ಹಾಕಬಾರದು.

ಬಾಡಿಗೆ ಮನೆಯಲ್ಲಿದ್ದು ಮಾಲೀಕರು ಅರ್ಥಿಂಗ್ ವೈರ್ ಎಳೆಸಲು ಮೀನಮೇಷ ಎಣಿಸುತ್ತಿದ್ದರೆ, ಕಡೇಪಕ್ಷ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಲು ಒಪ್ಪಿಸಿ. ಅರ್ಥಿಂಗ್ ಇಲ್ಲದಿದ್ದರೂ, ನಿಮ್ಮ ಮೈ ಮೂಲಕ ಕರೆಂಟ್ ನೆಲಕ್ಕೆ ಹರಿಯಲು ಶುರುವಾದಾಗ ಅದು ಬೀಳುತ್ತದೆ. ಶಾಕ್ ಹೊಡೆದೇ ಹೊಡೆಯುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಗೀಸರ್ ಪಾಯಿಂಟ್‌ಗಂತೂ ಅರ್ಥಿಂಗ್ ಇಲ್ಲದೆ ರಾಜಿ ಬೇಡ.

ವೈರ್‌ಮನ್ ಬರುವ ಹೊತ್ತಿಗೆ ನೀವು ಬರೆದಿಟ್ಟ ಕಾಗದ ಕೊಡಿ: ಯಾವ ರೂಮ್, ಯಾವ ಸಾಕೆಟ್, ಮೂರು ಸಂಖ್ಯೆ, ಸ್ವಿಚ್ ಆಫ್ ಇದ್ದಾಗ ಟೆಸ್ಟರ್ ಹತ್ತಿತೋ ಇಲ್ಲವೋ. "ಎಲ್ಲೋ ಶಾಕ್ ಹೊಡೆಯುತ್ತೆ" ಅನ್ನುವುದಕ್ಕಿಂತ ಅವರಿಗೂ ಸುಲಭ, ಮನೆ ಪೂರ್ತಿ ಬಿಚ್ಚುವುದೂ ತಪ್ಪುತ್ತದೆ. ದುಡ್ಡು ಕೊಡುವ ಮುಂಚೆ ಅದೇ ಸಾಕೆಟ್‌ಗಳಲ್ಲಿ ಅದೇ ಮೂರು ಅಳತೆಯನ್ನು ಅವರ ಎದುರಿಗೇ ಮತ್ತೆ ಮಾಡಿ. ಅರ್ಥಿಂಗ್ ಹೊಸದಾಗಿ ಕೊಟ್ಟಿದ್ದರೆ ಒಂದು ಬೋರ್ಡ್ ಮುಚ್ಚದೆ ಬಿಡಲು ಹೇಳಿ, ಹಸಿರು ವೈರ್ ಗೋಡೆಯ ಪೈಪ್‌ನಿಂದ ಬಂದಿದೆಯೋ, ಪಕ್ಕದ ನ್ಯೂಟ್ರಲ್ ಸ್ಕ್ರೂನಿಂದಲೋ ಎಂದು ನೋಡಿಕೊಳ್ಳಿ.